ಬಾಯಿ ತೆರೆದ ಫೋಟೋಕ್ಕೆ ಹಾರ ಹಾಕಲು ಅನುಮತಿ ಕೋರಿ

ಇಂದ:
ದೇವೇಂದ್ರಪ್ಪ,
ತಹಶೀಲ್ ಕಚೇರಿ ಎದುರಿನ ಫೋಟೋ ಸ್ಟುಡಿಯೋದ ಹಳೆಯ ಮಾಲೀಕ,
ಶ್ರೀಮತಿ ಸಂಗಮ್ಮನವರ ಗಂಡ (ಈಗಲೂ),
ನಾರಾಯಣಪೇಟ.

ಗೆ:
ಲಿಂಗೈಕ್ಯ ಶ್ರೀಮತಿ ಸಂಗಮ್ಮನವರು,
ಮನೆಯ ಸರ್ವಾಧಿಕಾರಿಗಳು,
ಸದ್ಯದ ಠಿಕಾಣಿ: ಶಿವನ ಪಾದ, ಕೈಲಾಸ.

ಮೂಲಕ: ಶ್ರೀ ನಂದೀಶ್ವರರು, ನಮ್ಮ ಓಣಿಯ ಈಶ್ವರ ಗುಡಿ (ಬಲಗಿವಿ).

ವಿಷಯ: ಬರುವ ಸೋಮವಾರದ ವರ್ಷದ ಪೂಜೆಯಲ್ಲಿ ತಮ್ಮ ಬಾಯಿ ತೆರೆದ ಫೋಟೋವನ್ನೇ ಇಟ್ಟು ಹಾರ ಹಾಕುವ ಕುರಿತು.

ಉಲ್ಲೇಖ: ತಾವು ರೊಟ್ಟಿ ಬಡಿಯುತ್ತ ಅಡುಗೆಮನೆಯಿಂದ ಹೊರಡಿಸಿದ ಮೌಖಿಕ ಆದೇಶ: "ನಾ ಹೋದಮ್ಯಾಲ ಬಾಯಿ ಮುಚ್ಚಿದ್ದು ಒಂದು ಚೊಲೊ ಫೋಟೋ ಇಡ್ರಿ. ಮಂದಿ ನೋಡಾಕ ಬರ್ತಾರ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಸದರಿ ಆದೇಶವನ್ನು ಪಾಲಿಸಲು ಅವನಿಂದ ಆಗುತ್ತಿಲ್ಲ. ತಮ್ಮ ಆದೇಶ ಮೀರುವ ಸ್ವಭಾವ ಅವನದಲ್ಲ. ಅಂಥ ಧೈರ್ಯವೂ ಅವನಿಗೆ ಇರಲಿಲ್ಲ. ಕಾರಣಗಳನ್ನು ಕೆಳಗೆ ಬರೆದಿದೆ. ಎಲ್ಲವೂ ತಮಗೆ ಗೊತ್ತಿರುವುದೇ. ಆದರೆ ನಡುವೆ ಇರುವ ನಂದೀಶ್ವರರಿಗೆ ಗೊತ್ತಿಲ್ಲ. ಆದ್ದರಿಂದ ಮೊದಲಿನಿಂದ ಹೇಳಬೇಕಾಗಿದೆ.

1. ಅರ್ಜಿದಾರನು ಆಯುಷ್ಯವಿಡೀ ಅರ್ಜಿಗೆ ಅಂಟಿಸುವ ಫೋಟೋ ತೆಗೆದವನು. ಅರ್ಜಿ ಬರೆಯುವ ಧಾಟಿ ಇವನಿಗೆ ಬಂದದ್ದು ಆ ಸಹವಾಸದಿಂದಲೇ. "ಬಾಯಿ ಮುಚ್ರಿ, ಗದ್ದ ಎತ್ರಿ, ಉಸುರು ಹಿಡೀರಿ" ಎಂದು ಇವನು ಹೇಳಿದರೆ ನಾರ್ವದ ರೈತರು, ಧನ್ವಾಡದ ಸಾಹುಕಾರರು, ಒಮ್ಮೆ ಸ್ವತಃ ತಹಶೀಲ್ದಾರರೂ ಬಾಯಿ ಮುಚ್ಚಿದ್ದುಂಟು. ಇಡೀ ತಾಲೂಕಿನಲ್ಲಿ ಇವನ ಮಾತಿಗೆ ಬಾಯಿ ಮುಚ್ಚದವರು ತಾವೊಬ್ಬರೇ.

2. ಅಂಗಡಿಯ ದೊಡ್ಡ ಕ್ಯಾಮೆರಾ ಹೊಟ್ಟೆಪಾಡಿನದು. ಇವನ ಜೀವ ಇದ್ದದ್ದು ಇನ್ನೊಂದರಲ್ಲಿ. ಹೈದರಾಬಾದಿನ ಜುಮೇರಾತ್ ಬಜಾರಿನಲ್ಲಿ ತುಕ್ಕು ಹಿಡಿದ ಬೀಗಗಳ ರಾಶಿಯ ನಡುವೆ ಕುಳಿತು ಇವನನ್ನೇ ಕಾಯುತ್ತಿದ್ದ ಫಿಲಂ ಕ್ಯಾಮೆರಾ ಅದು, ರೇಂಜ್‌ಫೈಂಡರ್ ಜಾತಿಯದು. ಅಂಗೈ ತುಂಬುವಷ್ಟೇ ಗಾತ್ರ. ಮೂಲೆಗಳಲ್ಲಿ ಕಪ್ಪು ಬಣ್ಣ ಸವೆದು ಹಿತ್ತಾಳೆ ಇಣುಕುತ್ತದೆ. ಒತ್ತಿದರೆ ಪಕ್ಕದವನಿಗೂ ಕೇಳಿಸದಂಥ ಸದ್ದು, ಗುಬ್ಬಿ ಕಾಳು ಕಚ್ಚಿದ ಹಾಗೆ. ತಮ್ಮ ಹಳೆಯ ನಾರಾಯಣಪೇಟ ಸೀರೆಯ ಸೆರಗಿನಲ್ಲಿ ಅದನ್ನು ಸುತ್ತಿಟ್ಟಿದ್ದಾನೆ. ಮುಂಜಾನೆ ಪೂಜೆ ಮುಗಿದೊಡನೆ ಅದನ್ನು ಎಡಗೈಯಲ್ಲಿಟ್ಟುಕೊಂಡು ಒರೆಸುವಾಗ ತಾವು ಹೊಸ್ತಿಲಲ್ಲಿ ನಿಂತು ಕೇಳಿದ್ದು ದಾಖಲಾಗಿದೆ: "ಪೂಜಿ ಮುಗೀತೋ, ಇನ್ನ ಎರಡನೇ ದೇವರಿಗೆ ನಡದೈತೋ?"

3. ಸದರಿ ಕ್ಯಾಮೆರಾಕ್ಕೆ ಒಂದು ದೋಷವಿದೆ. ದೊಡ್ಡ ಕ್ಯಾಮೆರಾದಲ್ಲಿ ಮಸೂರದ ಮೂಲಕವೇ ನೋಡುವುದರಿಂದ, ಅದರ ಮುಚ್ಚಳ ತೆಗೆಯದಿದ್ದರೆ ಕಣ್ಣಿಗೆ ಕತ್ತಲೆ ಕಾಣುತ್ತದೆ. ಇದರಲ್ಲಿ ಹಾಗಲ್ಲ. ನೋಡುವ ಕಿಂಡಿ ಮೇಲೆ ಬೇರೆ ಇದೆ, ಫೋಟೋ ತೆಗೆಯುವ ಮಸೂರ ಕೆಳಗೆ ಬೇರೆ ಇದೆ. ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಲೋಕವೆಲ್ಲ ನಿಚ್ಚಳವಾಗಿ ಕಾಣುತ್ತದೆ. ಫಿಲಂ ಮೇಲೆ ಮಾತ್ರ ಏನೂ ಬೀಳುವುದಿಲ್ಲ. ತಾವು ಮೊದಲ ದಿನವೇ ತೀರ್ಪು ಕೊಟ್ಟಿರಿ: "ನೋಡೋ ಕಣ್ಣೊಂದು, ತೆಗಿಯೋ ಕಣ್ಣೊಂದು! ಇಂಥ ಕಳ್ಳನ್ನ ನಂಬಾಕ ಹೋಗಬ್ಯಾಡ್ರಿ."

ಇವನು ನಂಬಿದನು. ಕಿಂಡಿಯ ನಡುವೆ ಹಳದಿ ಚೌಕವೊಂದಿದೆ. ಅದರಲ್ಲಿ ಎದುರಿಗಿರುವವರು ಮೊದಲು ಇಬ್ಬರಾಗಿ ಕಾಣುತ್ತಾರೆ. ಮಸೂರದ ಬಳೆ ತಿರುಗಿಸುತ್ತ ಹೋದಂತೆ ಆ ಇಬ್ಬರೂ ಸರಿದು ಬಂದು ಒಂದಾಗುತ್ತಾರೆ. ಮಠದ ಪ್ರವಚನಗಳಲ್ಲಿ ಎಷ್ಟು ಸಲ ಕೇಳಿದರೂ ತಲೆಗೆ ಹೋಗದ ಐಕ್ಯದ ಮಾತು ಇವನಿಗೆ ಅರ್ಥವಾದದ್ದು ಆ ಚೌಕದಲ್ಲಿ, ಇಬ್ಬರು ಸಂಗಮ್ಮರು ಒಬ್ಬರಾದಾಗ. ಆ ಆನಂದದಲ್ಲಿ ಮುಚ್ಚಳದ ನೆನಪು ಯಾರಿಗೆ ಉಳಿದೀತು?

ತಮಗೆ ಉಳಿಯುತ್ತಿತ್ತು. "ಏನ್ರೀ, ಮುಚ್ಚಳಾ! ಮುಚ್ಚಳಾ ತಗೀರಿ!" ಎಂದು ಕೈ ಚಾಚಿ ಕೂಗುತ್ತಿದ್ದಿರಿ. ಇವನು ಗಾಬರಿಯಿಂದ ಮುಚ್ಚಳ ಕಿತ್ತು ಅದೇ ಉಸುರಿಗೆ ಒತ್ತಿಬಿಡುತ್ತಿದ್ದನು. ಆ ಕಾರಣದಿಂದ, ಮದುವೆಯಾದಾಗಿನಿಂದ ಇವನು ತೆಗೆದ ತಮ್ಮ ಫೋಟೋಗಳೆಲ್ಲದರಲ್ಲೂ ತಾವು ಬಾಯಿ ತೆರೆದೇ ಇದ್ದೀರಿ. ಬಾವಿಕಟ್ಟೆಯ ಮೇಲೂ ಅದೇ, ಗದ್ವಾಲ ಕೋಟೆಯ ಮುಂದೂ ಅದೇ. ಮಗಳು ಕಾವ್ಯಳ ಮದುವೆಯಲ್ಲಿ ಅಕ್ಷತೆ ಹಾಕುವಾಗ ಊರೆಲ್ಲ ಮದುಮಕ್ಕಳನ್ನು ನೋಡುತ್ತಿದ್ದರೆ, ತಾವೊಬ್ಬರು ಕ್ಯಾಮೆರಾದ ಕಡೆ ಬೆರಳು ತೋರಿಸುತ್ತಿದ್ದೀರಿ.

4. ಬಾಯಿ ಮುಚ್ಚಿ ತಾವು ಕುಳಿತದ್ದು ಒಂದೇ ಸಲ. ಗದ್ವಾಲದಿಂದ ಬರುವಾಗ ಇವನು ಕೃಷ್ಣಾ ದಂಡೆಯಲ್ಲಿ ಕೊಕ್ಕರೆಯ ಫೋಟೋಕ್ಕಾಗಿ ಬಸ್ಸಿಳಿದು, ತಮ್ಮನ್ನೂ ಇಳಿಸಿ, ಬಸ್ಸು ತಪ್ಪಿಸಿದ್ದನು. ಕೊಕ್ಕರೆ ಹಾರಿಹೋಯಿತು. ತಾವು ಬಂಡೆಯ ಮೇಲೆ ಸೆರಗು ಹೊದ್ದು ರಾಣಿಯ ಹಾಗೆ, ಒಂದು ಮಾತಿಲ್ಲದೆ ಕುಳಿತಿರಿ. ಸಂಜೆಯ ಬಿಸಿಲು ಮೂಗುತಿಯ ಮೇಲೆ ಬಿದ್ದಿತ್ತು. ಇಷ್ಟು ಚೆಂದದ ಫೋಟೋ ಈ ಜನ್ಮದಲ್ಲಿ ಮತ್ತೆ ಸಿಗದೆಂದು ಇವನು ಶಿವನಾಮ ಹೇಳಿ ಒತ್ತಿದನು.

ಮರುದಿನ ಬಚ್ಚಲುಮನೆಯಲ್ಲಿ ಫಿಲಂ ತೊಳೆದು ನೋಡಿದರೆ ಆ ಫೋಟೋ ಇರಬೇಕಾದಷ್ಟು ಜಾಗ ನೀರಿನಂತೆ ಖಾಲಿ.

"ಮುಚ್ಚಳ ಇದ್ದದ್ದು ನೀನು ನೋಡಲಿಲ್ಲೇನು?" ಎಂದು ಇವನು ಕೇಳಿದನು.

"ನೋಡಿದ್ನಲ್ಲಾ."

"ಮತ್ತ ಯಾಕ ಹೇಳಲಿಲ್ಲ?"

"ಮಾತು ಬಿಟ್ಟಿದ್ದೆನಲ್ರಿ," ಎಂದು ಹೇಳಿ ತಾವು ನಗುತ್ತ ನಗುತ್ತ ರೊಟ್ಟಿ ಹೊತ್ತಿಸಿದಿರಿ. ಆ ಖಾಲಿ ತುಂಡನ್ನು ಅರ್ಜಿದಾರನು ವಿಭೂತಿ ಡಬ್ಬಿಯ ಪಕ್ಕದಲ್ಲಿ ಇಂದಿಗೂ ಜೋಪಾನವಾಗಿಟ್ಟಿದ್ದಾನೆ.

5. ತಾವು ಲಿಂಗೈಕ್ಯರಾದ ಮೇಲೆ ಗದ್ವಾಲದಲ್ಲಿ ಕಾವ್ಯಳ ಕೂಸನ್ನು ತೊಟ್ಟಿಲಿಗೆ ಹಾಕಿದರು. ಇವನು ಇಡೀ ರೀಲು ತೆಗೆದನು. ಮನೆತುಂಬ ಹೆಂಗಸರಿದ್ದರು, ಹಾಡಿದರು, ಇವನನ್ನು ನೋಡಿ ಬಾಯಿ ಮುಚ್ಚಿ ನಿಂತರು. ಒಬ್ಬರೂ ಏನೂ ಹೇಳಲಿಲ್ಲ. ಊರಿಗೆ ಬಂದು ತೊಳೆದರೆ ರೀಲು ಆ ತುದಿಯಿಂದ ಈ ತುದಿಯವರೆಗೆ ಖಾಲಿ. ತಾವು ಇಲ್ಲವೆಂಬುದು ಮಣ್ಣು ಕೊಟ್ಟ ದಿನ ಇವನಿಗೆ ನಂಬಿಕೆಯಾಗಿರಲಿಲ್ಲ. ಆ ದಿನ ಆಯಿತು. ಅತ್ತನು. ಅಳುತ್ತಲೇ, ಕೃಷ್ಣಾ ದಂಡೆಯ ಬಂಡೆ ನೆನಪಾಗಿ, ಈಗಲೂ ತಾವು ಎಲ್ಲೋ ಕುಳಿತು ನೋಡಿಯೂ ಹೇಳಲಿಲ್ಲವೆಂದು ತೋರಿ, ನಗು ಬಂದುಬಿಟ್ಟಿತು. ಎಷ್ಟೆಂದರೆ ಪಕ್ಕದ ಮನೆಯ ಗುರಮ್ಮ ಬಂದು ಬಚ್ಚಲ ಬಾಗಿಲು ಬಡಿದಳು: "ದೇವೇಂದ್ರಪ್ಪನೋರೇ, ಒಳಗ ಯಾರದಾರ್ರೀ?"

"ಯಾರೂ ಇಲ್ಲವ್ವಾ, ನಮ್ಮನೆಯಾಕಿ," ಎಂದು ಇವನ ಬಾಯಿಂದ ಬಂದುಹೋಯಿತು.

6. ಈಗ ವರ್ಷದ ಪೂಜೆ ಬಂದಿದೆ. ತಮ್ಮ ಆದೇಶ ನಡೆಯಲೇಬೇಕೆಂದು ಕಾವ್ಯ ಪಟ್ಟು ಹಿಡಿದು, ತಮ್ಮ ಬಾವಿಕಟ್ಟೆಯ ಫೋಟೋವನ್ನು ಗದ್ವಾಲದ ಮೌನೇಶನ ಸ್ಟುಡಿಯೋಗೆ ಕೊಟ್ಟಳು. ಅವನು ಕಂಪ್ಯೂಟರಿನಲ್ಲಿ ತಮ್ಮ ಬಾಯಿ ಮುಚ್ಚಿಸಿದನು. ಅರ್ಜಿದಾರನಿಂದ ಆಯುಷ್ಯವಿಡೀ ಆಗದ ಕೆಲಸ ಅವನಿಗೆ ಚಹಾ ಕುಡಿಯುವಷ್ಟರಲ್ಲಿ ಆಯಿತು! ಆದರೆ ಮುಚ್ಚಿದ ತುಟಿ ಎಲ್ಲಿಂದ ಬರಬೇಕು? ತಮ್ಮ ತಂಗಿ ವೀರಬಸಮ್ಮನ ಫೋಟೋದಿಂದ ತಂದು ಕೂಡಿಸಿದ್ದನು.

ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ಇಟ್ಟರು. ಪೂಜೆಯ ಕೆಲಸಕ್ಕೆಂದು ಮಕ್ತಲದಿಂದ ಬಂದಿದ್ದ ವೀರಬಸಮ್ಮ ನೋಡಿ, "ಭಾಳ ಚೊಲೊ ಬಂದೈತಿ ಬಿಡ್ರಿ ಮಾವ, ಅಕ್ಕ ಎಷ್ಟು ಶಾಂತ ಕಾಣ್ತಾಳ," ಎಂದು ಒಳಗೆ ಹೋದಳು. ಅಷ್ಟರಲ್ಲಿ ಸೊಪ್ಪಿನ ಬುಗ್ಗಮ್ಮ ಬಂದಳು. ಫೋಟೋ ನೋಡಿದಳು, ಬುಟ್ಟಿ ಇಳಿಸಿದಳು, ಎದೆ ಬಡಿದುಕೊಂಡಳು.

"ಅಯ್ಯೋ ದೇವುಡಾ! ವೀರಬಸಮ್ಮನೂ ಹೋದ್ಲಾ? ಅಕ್ಕನ ಹಿಂದ ತಂಗಿನೂ ಹೋದ್ಲಲ್ಲೋ! ನನಗ್ಯಾರೂ ಹೇಳಲಿಲ್ಲಲ್ಲೋ!"

ಅಳು ಕೇಳಿ ವೀರಬಸಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅವಳನ್ನು ಕಂಡು ಬುಗ್ಗಮ್ಮ ಚೀರಿ ಬುಟ್ಟಿಯ ಮೇಲೆ ಬಿದ್ದಳು. ವೀರಬಸಮ್ಮ ಚೌಕಟ್ಟಿನ ಹತ್ತಿರ ಹೋಗಿ ನೋಡಿದಳು, ತನ್ನ ತುಟಿ ಮುಟ್ಟಿಕೊಂಡಳು.

"ತಗೀರಿ ಮಾವ, ಮೊದಲ ತಗೀರಿ ಅದನ್ನ! ಇನ್ನ ಉಸುರು ಆಡ್ತೈತಿ ನನಗ, ಈಗೇ ಹಾರ ಹಾಕ್ತೀರೇನು?"

ಕಾವ್ಯ ಸಿಟ್ಟು ಮಾಡಲು ಹೋಗಿ ನಕ್ಕಳು. ಆಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ. ತಾವು ಹೋದ ಮೇಲೆ ಈ ಪಡಸಾಲೆಯಲ್ಲಿ ಎಲ್ಲರೂ ಕೂಡಿ ನಕ್ಕದ್ದು ಅದೇ ಮೊದಲು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ಅರ್ಜಿದಾರನು ಬೇಡಿಕೊಳ್ಳುವುದೇನೆಂದರೆ, ತಮ್ಮ ಆದೇಶವನ್ನು ಸಡಿಲಿಸಿ, ಬಾವಿಕಟ್ಟೆಯ ಆ ಫೋಟೋವನ್ನು ಇದ್ದಂತೆಯೇ, ಬಾಯಿ ತೆರೆದು ಕೈ ಚಾಚಿದಂತೆಯೇ ಇಡಲು ಅಪ್ಪಣೆ ಕೊಡಿಸಬೇಕು. ಕಾವ್ಯ, "ಅವ್ವ ಒಪ್ಪಿದ್ರ ನಂದೇನೂ ಇಲ್ಲಪ್ಪಾ" ಎಂದು ಕಡತವನ್ನು ತಮ್ಮ ಕಡೆಗೇ ತಳ್ಳಿದ್ದಾಳೆ. ಪೂಜೆ ಮುಗಿದ ಮೇಲೆ ಅದನ್ನು ಬಾಗಿಲ ಪಕ್ಕಕ್ಕೆ ತೂಗುಹಾಕುವ ವಿಚಾರವಿದೆ. ಅರ್ಜಿದಾರನು ಕ್ಯಾಮೆರಾ ಹಿಡಿದು ಹೊರಡುವಾಗ ತಲೆ ಎತ್ತಿ ನೋಡುವನು. ತಾವು ಹೇಳುವಿರಿ. ಇವನು ಮುಚ್ಚಳ ತೆಗೆಯುವನು.

ಸದರಿ ಅರ್ಜಿಯನ್ನು ನಾಳೆ ಬೆಳಗಿನ ಪೂಜೆಯ ನಂತರ ನಂದೀಶ್ವರರ ಬಲಗಿವಿಯಲ್ಲಿ ಓದಲಾಗುವುದು. ವಿಷಯ ಆ ಕಡೆಯಿಂದ ಸೋರದಂತೆ ಎಡಗಿವಿಯನ್ನು ವೀರಬಸಮ್ಮ ಅಂಗೈಯಿಂದ ಮುಚ್ಚಿ ಹಿಡಿಯಲು ಒಪ್ಪಿದ್ದಾಳೆ. ಉತ್ತರ ಬಾರದಿದ್ದರೆ ಮಂಜೂರಾಗಿದೆ ಎಂದು ತಿಳಿಯುವ ಪದ್ಧತಿ ಕಚೇರಿಗಳಲ್ಲುಂಟು. ತಮ್ಮ ಮೌನಕ್ಕೆ ಆ ಅರ್ಥವಿಲ್ಲವೆಂಬುದನ್ನು ಇವನು ಕೃಷ್ಣಾ ದಂಡೆಯಲ್ಲಿ ಕಲಿತಿದ್ದಾನೆ. ಆದ್ದರಿಂದ ಸ್ಪಷ್ಟ ಉತ್ತರ ಬೇಕಾಗಿದೆ.

ಅಂದಿನಂತೆ ಇಂದಿಗೂ ತಮ್ಮ ವಿಶ್ವಾಸಿ,
ದೇವೇಂದ್ರಪ್ಪ

ಅಡಕಗಳು:
(ಅ) ಬಾಯಿ ತೆರೆದ ಫೋಟೋ.
(ಆ) ಖಾಲಿ ಫಿಲಂ ತುಂಡು. ಇದರಲ್ಲಿ ತಾವು ಆದೇಶದ ಪ್ರಕಾರವೇ ಬಾಯಿ ಮುಚ್ಚಿ ಕುಳಿತಿದ್ದೀರಿ; ಪರಿಶೀಲಿಸಬಹುದು.
(ಇ) ಕ್ಯಾಮೆರಾದ ಮುಚ್ಚಳ. ಪರಿಶೀಲಿಸಿ ಹಿಂತಿರುಗಿಸಬೇಕು; ತಾವು ಹೇಳಿದಾಗ ತೆಗೆಯಲು ಬೇಕಾಗುತ್ತದೆ.

ವಿಶೇಷ ಸೂಚನೆ: ಅರ್ಜಿ ತಿರಸ್ಕೃತವಾದ ಪಕ್ಷದಲ್ಲಿ, ಬಾಯಿ ಮುಚ್ಚಿದ ಹೊಸ ಫೋಟೋಕ್ಕಾಗಿ ತಾವು ಖುದ್ದಾಗಿ ಹಾಜರಾಗಬೇಕು. ಸಮಯ ತಮ್ಮ ಅನುಕೂಲದಂತೆ. ರೀಲು ಹಾಕಿಟ್ಟಿದೆ.