ಐತಿ ಹಾಸಿಗೆ

ಊರಿನ ಬೋರ್ಡುಗಳಲ್ಲಿ ತಪ್ಪು ಹುಡುಕಿ ಹಲ್ಲು ಕಡಿಯುವ ಮನುಷ್ಯನ ಮನೆಗೇ ಅಂಥದೊಂದು ಬೋರ್ಡು ಬಂದು ಕೂತರೆ ಅವನ ಗತಿ ಏನಾಗಬೇಡ? ಅಲ್ಪವಿರಾಮರಿಗೆ ಆದದ್ದು ಅದೇ. (ಜೀವಮಾನವೆಲ್ಲ ಛಾಪಖಾನೆಯಲ್ಲಿ ಕರಡು ತಿದ್ದಿದವರು, ಮಾತಿಗೆ ಕೂತರೆ ಪೂರ್ಣವಿರಾಮ ಇಲ್ಲ. ಅದಕ್ಕೇ ಬೀದಿಯವರು ಇಟ್ಟ ಹೆಸರು.) ಹಾಲಿನವನ ಚೀಟಿಯನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕೊಡುವ ಆಸಾಮಿ. ಅವರ ಕಣ್ಣಿಗೆ ಈ ಲೋಕವೇ ಒಂದು ಅಚ್ಚಿನ ತಪ್ಪು.

ಅವರು ತಪ್ಪು ಹುಡುಕದೆ ಬಿಟ್ಟದ್ದು ಎರಡನ್ನೇ: ಮುತ್ತಜ್ಜ ಕಟ್ಟಿಸಿದ ಕೆಂಪು ಇಟ್ಟಿಗೆಯ ಮನೆ ಮತ್ತು ಮಹಡಿಯ ಮೂಲೆಕೋಣೆಯಲ್ಲಿದ್ದ ತಮ್ಮ ಹತ್ತಿಯ ಹಾಸಿಗೆ. ಅವರ ಬೆನ್ನಿನ ಉಬ್ಬುತಗ್ಗುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡ ಹಾಸಿಗೆ ಅದು. ಬೇರೆಲ್ಲಿ ಮಲಗಿದರೂ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ.

ಹೀಗಿರುವಾಗ ಹೆಂಡತಿಗೊಂದು ಯೋಚನೆ ಹೊಳೆಯಿತು. "ರೀ, ಮಹಡಿ ಮೇಲಿನ ಕೋಣೆಗಳೆಲ್ಲ ಜೇಡಕ್ಕೆ ಮೀಸಲಾಗಿವೆ. ಬಂದು ಹೋಗೋರಿಗೆ ಕೊಡೋಣ. ರಾತ್ರಿ ಹಾಸಿಗೆ, ಬೆಳಿಗ್ಗೆ ತಿಂಡಿ, ಆಮೇಲೆ ನಮಸ್ಕಾರ."

"ಮುತ್ತಜ್ಜನ ಮನೇನ ಛತ್ರ ಮಾಡ್ತೀಯಾ?"

"ಛತ್ರದಲ್ಲಿ ಮಲಗಿದೋರು ಬೆಳಿಗ್ಗೆ ಎದ್ದಾದ್ರೂ ಹೋಗ್ತಾರೆ!"

ಅಲ್ಪವಿರಾಮರು ಶರತ್ತು ಹಾಕಿ ಒಪ್ಪಿದರು. ತಮ್ಮ ಕೋಣೆ ಯಾರೂ ಮುಟ್ಟಕೂಡದು. ಬೋರ್ಡಿನ ಒಕ್ಕಣೆ ತಮ್ಮದೇ ಆಗಬೇಕು. ಹಲ್ಲುಜ್ಜುತ್ತಲೇ ಬೋರ್ಡು ಬರೆಯುವವನಿಗೆ ಫೋನು ಮಾಡಿ, "ಐತಿಹಾಸಿಕ ಇಟ್ಟಿಗೆ ಮನೆ" ಎಂದು ಘೋಷಿಸಿದರು. ಮಾರನೆಯ ದಿನ ಗೇಟಿನ ಮೇಲೆ ಅಂಗೈ ಅಗಲದ ಅಕ್ಷರಗಳಲ್ಲಿ ಬಂದದ್ದು: 'ಐತಿ ಹಾಸಿಗೆ. ಇಟ್ಟಿಗೆ ಮನೆ.'

"ಅವಿವೇಕಿ! ಏನಯ್ಯಾ ಇದು?"

"ನೀವು ಹೇಳಿದ್ದೇ ಸಾರ್. ಬಾಯ್ತುಂಬ ನೊರೆ ಇಟ್ಕೊಂಡು ಹೇಳಿದ್ರಿ, ಇಷ್ಟಾದ್ರೂ ಕೇಳಿಸಿದ್ದು ನಿಮ್ಮ ಪುಣ್ಯ."

ಅಳಿಸು ಎನ್ನುವಷ್ಟರಲ್ಲಿ ಚೀಲ ಹೊತ್ತ ಔಷಧಿ ಏಜೆಂಟನೊಬ್ಬ ಗೇಟು ತಳ್ಳಿಕೊಂಡು ಬಂದ. "ಬೇರೆ ಕಡೆ ಎಲ್ಲ ಅರಮನೆ, ನಂದನವನ ಅಂತ ಬರೆದು ಟೋಪಿ ಹಾಕ್ತಾರೆ. ಇದು ನೋಡಿ, ನೇರ ಮಾತು!" ಎಂದು ಹಲ್ಲು ಕಿರಿದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಒಂದು ಸಂಸಾರ. "ಆ ಬೋರ್ಡು ಮುಟ್ಟಿದ್ರೆ ನೋಡಿ!" ಎಂದು ಹೆಂಡತಿ ಸೌಟು ತೋರಿಸಿದಳು.

ಸರಿ, ಬಂದ ಮೂಢರನ್ನಾದರೂ ಉದ್ಧಾರ ಮಾಡೋಣವೆಂದು ಅಲ್ಪವಿರಾಮರು ತಿಂಡಿಯ ಮೇಜಿನ ಬಳಿ ನಿಂತು, "ಈ ಗೋಡೆಯ ಒಂದೊಂದು ಇಟ್ಟಿಗೆಯೂ..." ಎಂದು ಶುರು ಮಾಡಿದರೆ, "ಬಿಸಿನೀರು ಯಾವಾಗ ಬರುತ್ತೆ?" ಎಂಬ ಪ್ರಶ್ನೆ ಬರುತ್ತಿತ್ತು. ಪಾಮರರು! ಮೊಟ್ಟೆಯ ಸಿಪ್ಪೆಯನ್ನು ಇತಿಹಾಸದ ಕಿಟಕಿಯಿಂದ ಆಚೆಗೆಸೆಯುವ ಜನ!

ಅದನ್ನೂ ಸಹಿಸಬಹುದಿತ್ತು. ಆದರೆ ಒಂದು ಸಂಜೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು, ಕೋಣೆಗಳೆಲ್ಲ ಭರ್ತಿ. "ಇವತ್ತೊಂದು ರಾತ್ರಿ ಕಣ್ರೀ," ಎಂದು ಹೆಂಡತಿ ಮೂಲೆಕೋಣೆಯನ್ನು ಕೊಟ್ಟುಬಿಟ್ಟಳು. ಆಮೇಲೆ ಅದು ಖಾಲಿಯಾಗಲೇ ಇಲ್ಲ. ಅಲ್ಪವಿರಾಮರು ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕದ ಬೆಂಚಿನ ಮೇಲೆ ಮಗ್ಗುಲು ಬದಲಾಯಿಸುತ್ತ, ತಮ್ಮ ಹಾಸಿಗೆಯ ಮೇಲೆ ಯಾವನೋ ಗೊರಕೆ ಹೊಡೆಯುವುದನ್ನು ಕೇಳಿ ಅಳುವಂತಾದರು.

ಕೊನೆಗೆ ಬ್ರಹ್ಮಾಸ್ತ್ರ ತೆಗೆದರು. ಪುರಾತನ ಕಟ್ಟಡಗಳ ಇಲಾಖೆಗೆ ಸುದ್ದಿ ಮುಟ್ಟಿಸಿದರು. ಮನೆ ಸ್ಮಾರಕವಾದರೆ ಅತಿಥಿಗಳು ತೊಲಗುತ್ತಾರೆ, ಹಾಸಿಗೆ ವಾಪಸು ಬರುತ್ತದೆ! ಅಧಿಕಾರಿ ಬರುವ ದಿನ ಹೆಂಡತಿ ಮಾರ್ಕೆಟ್ಟಿಗೆ ಹೋದದ್ದೇ ತಡ, ಬೋರ್ಡನ್ನು ತಾವೇ ಏಣಿ ಹತ್ತಿ 'ಐತಿಹಾಸಿಕ' ಎಂದು ತಿದ್ದಿದರು. ಮೂಲೆಕೋಣೆಯವನನ್ನು ಹೊರಡಿಸಿ ಹಾಸಿಗೆಯ ಮೇಲೆ ಒಮ್ಮೆ ಹೊರಳಾಡಿಯೂ ಬಂದರು.

ಬಂದದ್ದು ಮಹಿಳಾ ಅಧಿಕಾರಿ. ಗೋಡೆ ತಟ್ಟಿದರು, ಇಟ್ಟಿಗೆಗೆ ಭೂತಗನ್ನಡಿ ಹಿಡಿದರು. "ಅದ್ಭುತ! ಬೋರ್ಡಿನಲ್ಲಿರೋದು ನಿಜ. ಸ್ಮಾರಕ ಅಂತ ಶಿಫಾರಸು ಮಾಡ್ತೀನಿ."

ಅಲ್ಪವಿರಾಮರು ಉಬ್ಬಿಹೋದರು. "ಅಂದ್ರೆ ಇನ್ನು ಇಲ್ಲಿ ಹೊರಗಿನೋರು ಯಾರೂ ಮಲಗೋ ಹಾಗಿಲ್ಲ, ಅಲ್ವಾ ಮೇಡಂ?"

"ಹೊರಗಿನೋರೇನು, ಒಳಗಿನೋರೂ ಮಲಗೋ ಹಾಗಿಲ್ಲ. ನೀವು ಸಾಮಾನು ಸಮೇತ ಖಾಲಿ ಮಾಡ್ಬೇಕು."

ಅಷ್ಟರಲ್ಲಿ ತರಕಾರಿ ಚೀಲದೊಂದಿಗೆ ಬಂದ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. "ಸಾರ್ಥಕ ಆಯ್ತೇನ್ರೀ? ಲೋಕಕ್ಕೆಲ್ಲ ಪಾಠ ಹೇಳ್ತಿದ್ರಲ್ಲ, ಈಗ ಬಿಡಿ ಬಾಯಿ!"

ಅಲ್ಪವಿರಾಮರು ಹುಟ್ಟಿದಾರಭ್ಯ ಆಡದ ಮಾತನ್ನು ಆಡಿದರು. "ಮೇಡಂ, ತಪ್ಪಾಯ್ತು. ಬೋರ್ಡು ಶುದ್ಧ ತಪ್ಪು. ಈ ಇಟ್ಟಿಗೆಗೆ ಇತಿಹಾಸವೂ ಇಲ್ಲ, ಮಣ್ಣೂ ಇಲ್ಲ! ಮೊನ್ನೆ ಮೊನ್ನೆ ನಾನೇ ಕಟ್ಟಿಸಿದ್ದು."

"ಹಾಗಾದ್ರೆ ಏನಂತ ಇರಬೇಕಿತ್ತು?"

"ಐತಿ... ಹಾಸಿಗೆ," ಎಂದರು, ವಿಷ ನುಂಗಿದವರಂತೆ.

ಅಧಿಕಾರಿಯ ಮುಖ ಅರಳಿತು. ಭೂತಗನ್ನಡಿ ಚೀಲ ಸೇರಿತು. "ಅಯ್ಯೋ, ಮೊದಲೇ ಹೇಳಬಾರದಾ! ಸ್ಮಾರಕದ ಮಾತು ಬಿಡಿ. ಈ ಊರಲ್ಲಿ ನನಗೆ ತಿಂಗಳುಗಟ್ಟಲೆ ಕೆಲಸ ಇದೆ. ಇಳ್ಕೊಳ್ಳೋ ಜಾಗ ಹುಡುಕಿ ಸಾಕಾಗಿದೆ. ಬೆನ್ನುನೋವು ಬೇರೆ. ಎಲ್ಲಾದ್ರೂ ಪಳಗಿದ ಹತ್ತಿ ಹಾಸಿಗೆ ಇದ್ರೆ..."

"ಐತಿ!" ಎಂದಳು ಹೆಂಡತಿ. "ರೀ, ಮೇಡಂ ಪೆಟ್ಟಿಗೆ ಮೂಲೆಕೋಣೇಲಿ ಇಟ್ಟು ಬನ್ನಿ."