ಎರೆಹುಳದ ತಿಮ್ಮಪ್ಪನ ಕಪ್ಪೆ

ನನ್ನ ಮೇಲೆ ನನಗೆ ನಂಬಿಕೆಯಿದೆ, ನನ್ನ ನೆನಪಿನ ಮೇಲೆ ಇಲ್ಲ. ನೆನಪು ಎನ್ನುವುದು ವರ್ಷಕ್ಕೊಮ್ಮೆ ಮನೆಗೆ ಬರುವ ಹಳೆಯ ನೆಂಟನ ಹಾಗೆ. ಬಂದಾಗಲೆಲ್ಲ ಅದೇ ಕಥೆ ಹೇಳುತ್ತದೆ, ಹೇಳುವಾಗಲೆಲ್ಲ ಕಥೆಯೊಳಗಿನ ತನ್ನ ಪಾತ್ರವನ್ನು ಒಂದಂಗುಲ ದೊಡ್ಡದು ಮಾಡಿಕೊಳ್ಳುತ್ತದೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗಲೇ ನನಗಿದು ಹೊಳೆದುಹೋಗಿತ್ತು. ಅಂದಿನಿಂದ ಡೈರಿ ಬರೆಯುತ್ತಿದ್ದೇನೆ. ನೆನಪು ಸುಳ್ಳು ಹೇಳಿದರೆ ಡೈರಿ ಅದರ ಕಿವಿ ಹಿಂಡಬೇಕು ಎಂಬುದು ಉದ್ದೇಶ. ಆದರೆ ಇಲ್ಲೊಂದು ತಪ್ಪೊಪ್ಪಿಗೆ ಇದೆ. ನಾನು ದಿನಚರಿಯನ್ನು ದಿನವೂ ಬರೆಯುವುದಿಲ್ಲ. ಭಾನುವಾರ ತಿಂಡಿಯಾದ ಮೇಲೆ ಕೂತು ಇಡೀ ವಾರದ್ದನ್ನು ಒಟ್ಟಿಗೆ ಬರೆಯುತ್ತೇನೆ. ಬೇರೆ ಬೇರೆ ದಿನ ಬರೆದ ಹಾಗೆ ಕಾಣಲೆಂದು ಎರಡು ಪೆನ್ನು ಇಟ್ಟುಕೊಂಡ ಕಾಲವೂ ಇತ್ತು. ಬುಧವಾರ ಮಧ್ಯಾಹ್ನ ಏನು ಊಟ ಮಾಡಿದೆವು, ಗುರುವಾರ ಮನೆಗೆ ಬಂದವರು ಯಾರು ಎಂದು ನಾನು ಒಳಗೆ ಕೂಗಿ ಕೇಳುವುದು, ಹೆಂಡತಿ ಸುಮಿತ್ರ ಅಡುಗೆಮನೆಯಿಂದಲೇ ಉತ್ತರಿಸುವುದು ನಮ್ಮ ಮನೆಯ ಭಾನುವಾರದ ಪದ್ಧತಿ. "ಎಲ್ಲ ನಾನೇ ಹೇಳ್ಬೇಕು ಅಂದ್ರೆ ಕೊನೇಲಿ ಸಹೀನೂ ನಾನೇ ಹಾಕ್ತೀನಿ, ಕೊಡಿ ಇಲ್ಲಿ" ಎಂದು ಅವಳು ಒಮ್ಮೆ ಹೇಳಿದ್ದಳು. ಇದು ನನಗೆ ಸ್ಪಷ್ಟವಾಗಿ ನೆನಪಿದೆ, ಡೈರಿಯಲ್ಲಿ ಇಲ್ಲ.

ಸುಮಿತ್ರ ತೀರ್ಥಹಳ್ಳಿಯವಳು. ನಾನು ಹೊಸನಗರದವನು, ಇಲ್ಲಿಯದೇ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ನನ್ನ ತಂಗಿಯನ್ನು ಕೊಟ್ಟಿದ್ದು ಸಾಗರಕ್ಕೆ. ಹೀಗೆ ಮೂರು ತಾಲ್ಲೂಕು ಒಂದೇ ಕುಟುಂಬದೊಳಗೆ ಸೇರಿಕೊಂಡಿರುವುದರಿಂದ ಯಾವ ಮದುವೆಗೆ ಹೋಗಲಿ, ಯಾವ ತಿಥಿಗೆ ಹೋಗಲಿ, ನಮ್ಮಲ್ಲೊಂದು ಪೈಪೋಟಿ ನಡೆಯುತ್ತದೆ. ಸಾಗರದ ಭಾವ ಜೋಗ ಎನ್ನುತ್ತಾರೆ, ಅಷ್ಟಕ್ಕೇ ಬಿಡದೆ ತಾಳಗುಪ್ಪದ ರೈಲನ್ನೂ ಎಳೆದು ತರುತ್ತಾರೆ. ತೀರ್ಥಹಳ್ಳಿಯವರದ್ದು ಇನ್ನೂ ಮೇಲು. ಅವರ ಬತ್ತಳಿಕೆಯಲ್ಲಿ ಆಗುಂಬೆಯ ಕಾಳಿಂಗ ಸರ್ಪವಿದೆ. ನನ್ನ ಮಾವನವರು ಕಾಳಿಂಗದ ಉದ್ದ ಹೇಳಲು ಎರಡು ಕೈ ಚಾಚಿ, ಸಾಲದೆ ಪಕ್ಕದಲ್ಲಿ ಕೂತವರ ಕೈಯನ್ನೂ ಎಳೆದುಕೊಳ್ಳುತ್ತಿದ್ದರು. "ನಿಮ್ ಹೊಸನಗರದಲ್ಲಿ ಎಂತ ಇದೆ ಮಾರಾಯ್ರೆ?" ಎಂದು ಅವರು ಕೇಳಿದಾಗ ನಾನು ಹುಂಚದ ಶಾಸನಗಳ ಬಗ್ಗೆ ಹೇಳತೊಡಗುತ್ತಿದ್ದೆ. ಅಷ್ಟು ಹೊತ್ತಿಗೆ ಎಲೆ ಹಾಕಿಬಿಡುತ್ತಿದ್ದರು.

ಆದ್ದರಿಂದ ನಮ್ಮದೇ ತಾಲ್ಲೂಕಿನಲ್ಲಿ, ಕೊಡಚಾದ್ರಿಯ ಕೆಳಗಿನ ಅಭಯಾರಣ್ಯದಲ್ಲಿ ಸರೀಸೃಪ ಮತ್ತು ಉಭಯವಾಸಿಗಳ ಸಮೀಕ್ಷೆ ನಡೆಸುತ್ತಾರೆ, ಮೂರು ದಿನಕ್ಕೆ ಸ್ವಯಂಸೇವಕರು ಬೇಕಂತೆ ಎಂದು ತಿಳಿದಾಗ ನಾನು ಹೆಸರು ಕೊಟ್ಟದ್ದು ಪೂರ್ತಿ ವಿಜ್ಞಾನದ ಪ್ರೀತಿಯಿಂದ ಎಂದು ಹೇಳಿದರೆ ಅದು ನೆನಪಿನ ಕೆಲಸವಾದೀತು. ಅರ್ಜಿಯಲ್ಲಿ 'ಅನುಭವ' ಎಂಬಲ್ಲಿ 'ಹಲವು ವರ್ಷಗಳಿಂದ ನಿರಂತರ ಡೈರಿ ಬರವಣಿಗೆ' ಎಂದು ಬರೆದೆ. 'ನಿರಂತರ' ಎಂಬ ಪದ ಕಣ್ಣಿಗೆ ಕುಕ್ಕಿತು, ಹೊಡೆದು ಹಾಕಲಿಲ್ಲ.

ನಿಟ್ಟೂರಿನಾಚೆ ಅರಣ್ಯ ಇಲಾಖೆಯ ಶಿಬಿರದಲ್ಲಿ ನಮ್ಮನ್ನು ಇಬ್ಬಿಬ್ಬರಾಗಿ ಹಂಚಿದರು. ಹಂಚಿದವಳು ಸಹನಾ, ಸಾಗರದ ಹುಡುಗಿ. ಕಪ್ಪೆಗಳ ಮೇಲೆ ಸಂಶೋಧನೆ ಮಾಡುವವಳು. ಪ್ರತಿ ಜೋಡಿಯಲ್ಲಿ ಒಬ್ಬ ಹುಡುಕುವವ, ಒಬ್ಬ ಬರೆಯುವವ. ನಿಯಮ ಒಂದೇ: ಕಂಡದ್ದನ್ನು ಕಂಡ ಜಾಗದಲ್ಲೇ ಬರೆಯಬೇಕು. ಎಷ್ಟು ಗಂಟೆ, ಎಲೆಯ ಮೇಲೋ ಕಲ್ಲಿನ ಮೇಲೋ, ಅಭಯಾರಣ್ಯದ ಗಡಿಕಲ್ಲಿನ ಒಳಗೋ ಹೊರಗೋ. ಅಲ್ಲಿ ಬರೆಯದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದನ್ನು ಕೇಳಿ ನಾನು ಎಲ್ಲರೆದುರು ತಲೆಯಾಡಿಸಿ, ನಮ್ಮ ಇತಿಹಾಸದಲ್ಲೂ ಅಷ್ಟೇ, ಆಗಲೇ ಕಲ್ಲಿನಲ್ಲಿ ಕೆತ್ತಿದರೆ ಶಾಸನ, ಆಮೇಲೆ ಕೂತು ಬರೆದರೆ ಕಾವ್ಯ ಎಂದು ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಸಹನಾ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಅಲ್ಲೇ, ಆಗಲೇ.

ನನ್ನ ಜೋಡಿಯಾಗಿ ಬಂದವನು ಅರಣ್ಯ ವಾಚರ್ ತಿಮ್ಮಪ್ಪ. ಆ ಕಾಡಿನಲ್ಲೇ ಇಪ್ಪತ್ತು ವರ್ಷ ಸವೆಸಿದವನು. ಅವನನ್ನು ಇಲಾಖೆಯಲ್ಲಿ ಎಲ್ಲರೂ 'ಎರೆಹುಳದ ತಿಮ್ಮಪ್ಪ' ಎನ್ನುತ್ತಿದ್ದರು. ಕಾರಣವನ್ನು ಅವನೇ ಮೊದಲ ದಿನ ಹಳ್ಳದ ದಂಡೆಯಲ್ಲಿ, ನನ್ನ ಕಾಲಿಗೆ ಕಚ್ಚಿ ರಕ್ತ ಹೀರುತ್ತಿದ್ದ ಉಂಬಳಗಳಿಗೆ ಸುಣ್ಣ ತಾಗಿಸಿ ಉದುರಿಸುತ್ತ ಹೇಳಿದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಳೆತ ದಿಮ್ಮಿಯ ಅಡಿಯಲ್ಲಿ ಅವನೊಂದು ಪ್ರಾಣಿಯನ್ನು ಕಂಡಿದ್ದ. ಎರೆಹುಳದ ಹಾಗೆ ಮೈತುಂಬ ಉಂಗುರ, ಹಾವಿನ ಹಾಗೆ ಬಾಯಿ, ಬಾಯಲ್ಲಿ ಹಲ್ಲು. ಓಡಿಹೋಗಿ ಆಗಿನ ಸಾಹೇಬರಿಗೆ ಹೇಳಿದ. ಸಾಹೇಬರು ಬಂದರು, ಪ್ರಾಣಿ ಇರಲಿಲ್ಲ. ಅದೇ ಜಾಗದಲ್ಲಿ ಒಂದು ದಪ್ಪ ಎರೆಹುಳ ಮಾತ್ರ ಇತ್ತು. ಅಷ್ಟೇ ಸಾಕಾಯಿತು. ಅವನ ಮಗಳ ಮದುವೆಯಲ್ಲಿ ಗಂಡಿನ ಕಡೆಯವರಿಗೂ ಯಾರೋ ಆ ಹೆಸರು ಹೇಳಿ, ಬೀಗರು ಊಟಕ್ಕೆ ಕೂತಾಗ ನಕ್ಕಿದ್ದರಂತೆ. ಆಮೇಲೆ ಅವನು ಆ ಪ್ರಾಣಿಯನ್ನು ಎಷ್ಟೋ ಸಲ ಕಂಡ, ಯಾರಿಗೂ ಹೇಳಲು ಹೋಗಲಿಲ್ಲ.

ಸಹನಾಳನ್ನು ಕೇಳಿದೆ. ಅವಳ ಕಣ್ಣು ಅರಳಿತು. ಅದು ಹುಳವೂ ಅಲ್ಲ, ಹಾವೂ ಅಲ್ಲ, ಕಪ್ಪೆಗಳ ಬಳಗಕ್ಕೆ ಸೇರಿದ್ದು, ಕಾಲಿಲ್ಲದ ಉಭಯವಾಸಿ, ಮಣ್ಣೊಳಗೇ ಬದುಕುತ್ತದೆ, ಕಾಣಸಿಗುವುದು ಕಷ್ಟ, ಈ ಕಾಡಿನ ಪಟ್ಟಿಯಲ್ಲಂತೂ ಈವರೆಗೆ ಇಲ್ಲ ಎಂದಳು. ಅವಳು ಅತ್ತ ಹೋದ ಮೇಲೆ ತಿಮ್ಮಪ್ಪ ನನ್ನ ಪಕ್ಕ ಬಂದು ಕೂತು ಹೇಳಿದ, "ಮೇಷ್ಟ್ರೆ, ನಾ ಹೇಳಿದ್ರೆ ನಗ್ತಾರೆ. ನೀವು ಬರ್ದ್ರೆ ನಗಲ್ಲ. ತೋರ್ಸಾದು ನನ್ ಜವಾಬ್ದಾರಿ."

ಮೊದಲ ದಿನ ನಾನು ಎಷ್ಟು ಚೆನ್ನಾಗಿ ಬರೆದೆನೆಂದರೆ ಅದನ್ನೀಗ ಓದಿದರೂ ಹೆಮ್ಮೆಯಾಗುತ್ತದೆ. ಬರೆದದ್ದಕ್ಕಿಂತ ಬರೆಸಿಕೊಂಡ ಕಾಡಿನ ಬಗ್ಗೆ ಹೆಚ್ಚು. ಹಳ್ಳದ ಕಲ್ಲಿನ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಕಪ್ಪೆಯೊಂದು ಕೂತು, ನೀರಿನ ಸದ್ದಿನಲ್ಲಿ ತನ್ನ ಕೂಗು ಯಾರಿಗೂ ಕೇಳದು ಎಂದು ಗೊತ್ತಿದ್ದು, ಹಿಂಗಾಲನ್ನು ಎತ್ತಿ ಪಕ್ಕಕ್ಕೆ ಚಾಚಿ ಬೀಸುತ್ತಿತ್ತು, ನಮ್ಮ ಬಸ್ಸಿನ ಕಂಡಕ್ಟರ್ ಗದ್ದಲದಲ್ಲಿ ಕೈಬೀಸಿ ರೈಟ್ ಹೇಳುವ ಹಾಗೆ. ಆಚೆಯ ಕಲ್ಲಿನಿಂದ ಇನ್ನೊಂದು ಕಾಲೆತ್ತಿ ಉತ್ತರ ಕೊಟ್ಟಿತು. ಹಾರುವ ಓತಿ ಒಂದು ಮರದಿಂದ ಇನ್ನೊಂದಕ್ಕೆ ಪಕ್ಕೆಯ ಚರ್ಮವನ್ನು ರೆಕ್ಕೆಯಂತೆ ಬಿಚ್ಚಿ ತೇಲಿತು, ಇಳಿದ ಮೇಲೆ ತೊಗಟೆಯಾಗಿಬಿಟ್ಟಿತು. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಹಾರುವ ಕಪ್ಪೆಯ ನೊರೆಗೂಡು ತೂಗುತ್ತಿತ್ತು. ನಾನು ಕೈಯಿಟ್ಟು ಏಳಬೇಕೆಂದಿದ್ದ ಬಂಡೆಯ ಮೇಲೆ ಮಂಡಲದ ಹಾವೊಂದು ಸುರುಳಿ ಸುತ್ತಿ ಕೂತಿತ್ತು. ನಾನು ನೋಡಿರಲಿಲ್ಲ, ತಿಮ್ಮಪ್ಪ ನನ್ನ ತೋಳು ಹಿಡಿದು ಎತ್ತಿ ಬೇರೆ ಕಡೆ ಇಟ್ಟ. ಐವತ್ತು ವರ್ಷ ಇದೇ ತಾಲ್ಲೂಕಿನಲ್ಲಿ ಉಂಡು ತಿಂದು, ಹೊಸನಗರದಲ್ಲಿ ಏನಿದೆ ಎಂಬ ಪ್ರಶ್ನೆಗೆ ನಾನು ಕಲ್ಲಿನ ಮೇಲಿನ ಅಕ್ಷರಗಳನ್ನು ಮಾತ್ರ ತೋರಿಸುತ್ತಿದ್ದೆನಲ್ಲ, ಕಲ್ಲಿನ ಮೇಲಿನ ಕಪ್ಪೆಯನ್ನು ಒಮ್ಮೆಯೂ ತೋರಿಸಲಿಲ್ಲವಲ್ಲ ಎಂದುಕೊಂಡೆ.

ಎರಡನೆಯ ದಿನ ಶನಿವಾರ. ತಿಮ್ಮಪ್ಪ ಒಂದು ಕೊಳೆತ ದಿಮ್ಮಿಯನ್ನು ಮೆಲ್ಲಗೆ ಹೊರಳಿಸಿದ. ಅದು ಅಲ್ಲಿತ್ತು. ಒಂದು ಗೇಣಿಗಿಂತ ಸ್ವಲ್ಪ ಉದ್ದ, ನೀಲಿ ಬೆರೆತ ಬೂದು ಬಣ್ಣ, ಎಣ್ಣೆ ಸವರಿದಂತೆ ಹೊಳಪು. ಪಕ್ಕೆಯುದ್ದಕ್ಕೂ ಅರಿಸಿನದ ಗೆರೆ. ನಾನು ಮಂಡಿಯೂರಿದೆ. ಎಷ್ಟು ಹೊತ್ತು ನೋಡಿದೆನೋ, ಜಗತ್ತಿನಲ್ಲಿ ಪೆನ್ನು ಎನ್ನುವ ವಸ್ತು ಇದೆಯೆಂಬುದೇ ಮರೆತುಹೋಗಿತ್ತು. ಎದ್ದವನೇ ಮೊಬೈಲ್ ತೆಗೆದು ಚಿತ್ರ ಹೊಡೆದೆ. ಅದು ಮಣ್ಣಿಗಿಳಿಯಿತು. ತಿಮ್ಮಪ್ಪ ದಿಮ್ಮಿಯನ್ನು ಮೊದಲಿದ್ದ ಹಾಗೇ ಇಟ್ಟು ನನ್ನ ಮುಖ ನೋಡಿದ. ಹನಿ ಬೀಳುತ್ತಿತ್ತು, ಹಾಳೆ ನೆನೆಯುತ್ತದೆ ಎಂಬ ನೆಪ ಸಿಕ್ಕಿತು. ಇಂಥದ್ದನ್ನು ಯಾರಾದರೂ ಮರೆಯುತ್ತಾರೆಯೇ, ಸಂಜೆ ನೆಮ್ಮದಿಯಾಗಿ ಕೂತು ಬರೆದರಾಯಿತು ಎಂದೆ. ನಿರಂತರ ಡೈರಿ ಬರವಣಿಗೆಯ ಅನುಭವ ಮಾತಾಡಿತ್ತು.

ಸಂಜೆ ಶಿಬಿರದಲ್ಲಿ ಹಾಳೆ ಬಿಡಿಸಿದೆ. ಸಮಯ: ಹನ್ನೊಂದು ಗಂಟೆ ಎಂದಿತು ನೆನಪು, ಒಂದು ಕ್ಷಣವೂ ತಡವರಿಸದೆ. ಕಟ್ಟಿಕೊಂಡು ಹೋದ ಬುತ್ತಿ ಉಂಡ ಮೇಲಲ್ಲವೇ ಎಂದ ತಿಮ್ಮಪ್ಪ. ಹೌದು, ಉಂಡ ಮೇಲೆ. ದಿಮ್ಮಿ ಹೊನ್ನೆಮರದ್ದು ಎಂದು ನಾನು, ಹಲಸಿನದು ಎಂದು ಅವನು. ಗಡಿಕಲ್ಲು ನಮ್ಮ ಬಲಕ್ಕಿತ್ತು ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಹೋಗುವಾಗ ಬಲಕ್ಕೋ ಬರುವಾಗ ಬಲಕ್ಕೋ? ಒಳಗಾದರೆ ಅದು ಈ ಕಾಡಿನ ಪ್ರಾಣಿ, ಹೊರಗಾದರೆ ಅಲ್ಲ. ಮೊಬೈಲ್ ತೆಗೆದು ನೋಡಿದರೆ ಗಂಟೆ ಸಿಕ್ಕಿತು, ಜಾಗ ಸಿಗಲಿಲ್ಲ, ಚಿತ್ರದಲ್ಲಿ ನನ್ನ ಬೂಟಿನ ತುದಿಯೂ ಹೆಬ್ಬೆರಳೂ ಬಹಳ ಸ್ಪಷ್ಟವಾಗಿ ಬಂದಿದ್ದವು. 'ಒಳಗೆ' ಎಂದು ಬರೆದುಬಿಡೋಣ ಎಂದು ಪೆನ್ನು ಊರಿದೆ. ನನ್ನ ನೆನಪು ಪಕ್ಕದಲ್ಲಿ ನಿಂತು ಬಹಳ ಉತ್ಸಾಹದಿಂದ ತಲೆಯಾಡಿಸಿತು. ಅದು ಅಷ್ಟು ಉತ್ಸಾಹ ತೋರಿಸಿದ್ದರಿಂದಲೇ ನನಗೆ ಅನುಮಾನ ಬಂದದ್ದು. ಹಾಳೆಯನ್ನು ಖಾಲಿಯಾಗಿಯೇ ಸಹನಾಳ ಮುಂದಿಟ್ಟು, ನೋಡಿದ್ದು ನಿಜ, ಅಲ್ಲೇ ಬರೆದೆ ಎಂದರೆ ಸುಳ್ಳಾಗುತ್ತದೆ ಎಂದೆ.

ಅವಳು ಗದರಲಿಲ್ಲ. ತನ್ನ ಪುಸ್ತಕ ತೆರೆದು, "ಸರ್, ಆಗಲೇ ಕೆತ್ತಿದ್ರೆ ಶಾಸನ, ಆಮೇಲೆ ಬರೆದ್ರೆ ಕಾವ್ಯ. ನೀವೇ ಹೇಳಿದ್ದು" ಎಂದಳು. ಪಟ್ಟಿಯಲ್ಲಿ ಕಾವ್ಯಕ್ಕೆ ಜಾಗವಿರಲಿಲ್ಲ.

ತಿಮ್ಮಪ್ಪ ಒಲೆಯ ಹತ್ತಿರ ಬೆನ್ನು ಹಾಕಿ ಕೂತಿದ್ದ. ಹತ್ತಿರ ಹೋಗಿ, ನನ್ನಿಂದ ತಪ್ಪಾಯಿತು ಎಂದೆ. ಅವನು ತಿರುಗದೆಯೇ ಹೇಳಿದ, "ಬಿಡಿ ಮೇಷ್ಟ್ರೆ. ಮೊದ್ಲು ಎರೆಹುಳದವ್ನು ನಾ ಒಬ್ನೇ ಇದ್ದೆ. ಈಗ ನೀವೂ ಇದೀರಿ."

ಮರುದಿನ ಭಾನುವಾರ. ಎಲ್ಲರಿಗೂ ವಾರ ಮುಗಿಯುವ ದಿನ, ನನಗೆ ವಾರ ಶುರುವಾಗುವ ದಿನ. ಮಧ್ಯಾಹ್ನ ಒಂದು ಗಂಟೆಗೆ ನಮ್ಮನ್ನು ವಾಪಸು ಕರೆದೊಯ್ಯಲು ಜೀಪು ಬರುವುದಿತ್ತು. ಬೆಳಗ್ಗೆಯೇ ಸಹನಾ, ತಿಮ್ಮಪ್ಪ, ನಾನು ಹೊರಟೆವು. ನಿನ್ನೆಯ ದಿಮ್ಮಿಯ ಕೆಳಗೆ ಏನೂ ಇರಲಿಲ್ಲ. (ದಿಮ್ಮಿ ಹಲಸಿನದೇ ಆಗಿತ್ತು. ಗಡಿಕಲ್ಲು ಎಡಕ್ಕಿತ್ತು, ಅಂದರೆ ದಿಮ್ಮಿ ಗಡಿಯ ಹೊರಗೆ. ನನ್ನ ನೆನಪು ನಾಚಲಿಲ್ಲ.) ಹತ್ತು ದಿಮ್ಮಿ ಹೊರಳಿಸಿದೆವು, ಹತ್ತನ್ನೂ ಹೇಗಿತ್ತೋ ಹಾಗೆ ಮಲಗಿಸಿದೆವು. ಚೇಳು, ಸಹಸ್ರಪದಿ, ಮತ್ತೊಂದು ಕಡೆ ನಿಜವಾದ ಎರೆಹುಳ. ಅದನ್ನು ಕಂಡು ಮೂವರೂ ಬೇರೆ ಬೇರೆ ದಿಕ್ಕಿಗೆ ನೋಡಿದೆವು. ಹನ್ನೆರಡರ ಹೊತ್ತಿಗೆ ನನಗೆ ಸೊಂಟ ಇಲ್ಲವಾಗಿತ್ತು. ತಿಮ್ಮಪ್ಪ ಗಡಿಕಲ್ಲನ್ನು ದಾಟಿ ಒಳಗೆ ಬಹಳ ದೂರ ಹೋಗಿ, ಹಳ್ಳದ ಪಕ್ಕ ತರಗೆಲೆ ಸರಿಸಿ, ಎರಡು ಕೈಯಿಂದ ಮಣ್ಣು ಬಿಡಿಸಿದ. ಆಮೇಲೆ ಕೈ ಎತ್ತಲೇ ಇಲ್ಲ.

ನಾನು ಓಡಿದೆ. ಬಗ್ಗಿ ನೋಡಬೇಕು ಎನ್ನುವಷ್ಟರಲ್ಲಿ ಅವನು ತಲೆ ಎತ್ತದೆ ಹೇಳಿದ, "ಮೇಷ್ಟ್ರೆ, ನೀವು ಇತ್ಲಾಗೆ ನೋಡ್ಬೇಡಿ. ನೋಡಾದು ನಾವು ನೋಡ್ಕೊಳ್ತೀವಿ. ನೀವು ಬರೀರಿ."

ಬರೆದೆ. ಸಮಯ, ಜಾಗ, ಗಡಿಯ ಒಳಗೆ, ಮಣ್ಣಿನ ತೇವ, ನೆರಳು, ನೀರಿಗೆ ಎಷ್ಟು ಹೆಜ್ಜೆ. ಸಹನಾ ಉದ್ದ ಹೇಳಿದಳು, ಉದ್ದ ಬರೆದೆ. ಕಣ್ಣು ಚರ್ಮದಡಿ ಚುಕ್ಕಿಯಂತೆ ಎಂದಳು, ಚುಕ್ಕಿ ಎಂದು ಬರೆದೆ. ಚಿತ್ರ ತೆಗೆಯುವ ಸದ್ದು ಕೇಳಿತು, 'ಚಿತ್ರವಿದೆ' ಎಂದು ಬರೆದೆ. ಒಮ್ಮೆ ಕತ್ತು ತಿರುಗಿಸಲು ಹೋದರೆ ತಿಮ್ಮಪ್ಪ ಗಂಟಲು ಸರಿಮಾಡಿಕೊಂಡ. 'ಕಂಡವರು' ಎಂಬಲ್ಲಿ ತಿಮ್ಮಪ್ಪ ಎಂದು ದೊಡ್ಡಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕಿ, ತಲೆ ಎತ್ತಿದೆ. ಅದನ್ನು ಬಿಟ್ಟಾಗಿತ್ತು. ಒದ್ದೆ ಮಣ್ಣಿನಲ್ಲಿ ಪೆನ್ಸಿಲ್ ದಪ್ಪದ ಒಂದು ತೂತು ಕಾಣಿಸಿತು. ತಿಮ್ಮಪ್ಪ ಹಾಳೆ ಕೈಗೆ ತೆಗೆದುಕೊಂಡು, ತುಟಿಯಾಡಿಸುತ್ತ ತನ್ನ ಹೆಸರನ್ನು ಮಾತ್ರ ಎರಡು ಸಲ ಓದಿ, ಹನಿ ತಾಗದ ಹಾಗೆ ತನ್ನ ಅಂಗಿಯ ಒಳಗೆ ಇಟ್ಟುಕೊಂಡ. ಶಿಬಿರ ಮುಟ್ಟುವವರೆಗೆ ನನ್ನ ಕೈಗೆ ಅದನ್ನು ಕೊಡಲಿಲ್ಲ.

ಪಟ್ಟಿ ಬಂತು. ಅದರಲ್ಲಿ ಕಾಲಿಲ್ಲದ ಕಪ್ಪೆ ಇದೆ, ಕಂಡವನ ಹೆಸರಿದೆ. ಅರಣ್ಯದ ಬಾಗಿಲಲ್ಲಿ ಹಾಕಿರುವ ಫಲಕದಲ್ಲೂ ಅದರ ಚಿತ್ರವಿದೆ. ಬೀಗರು ಬಂದು ಆ ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋದರು. ಇಲಾಖೆಯವರು ಈಗಲೂ ಅವನನ್ನು ಎರೆಹುಳದ ತಿಮ್ಮಪ್ಪ ಎಂದೇ ಕರೆಯುತ್ತಾರೆ. ಆದರೆ ಹೊರಗಿನಿಂದ ಬಂದವರಿಗೆ ಪರಿಚಯಿಸುವಾಗ 'ನಮ್ಮ ಎರೆಹುಳದ ತಿಮ್ಮಪ್ಪನವರು' ಎನ್ನುತ್ತಾರೆ. ಇನ್ನು ನನ್ನ ಮಾವನವರು ಕಾಳಿಂಗಕ್ಕೆ ಕೈ ಚಾಚಿದರೆ ನಾನು ಒಂದು ಗೇಣು ಮಾತ್ರ ಅಳತೆ ತೋರಿಸಿ ಸುಮ್ಮನಾಗುತ್ತೇನೆ. ಉದ್ದವಿರುವುದನ್ನು ಯಾರು ಬೇಕಾದರೂ ಕಾಣಬಹುದು ಎಂದು ಒಮ್ಮೆ ಹೇಳಿದೆ. ಸುಮಿತ್ರ ನನ್ನ ಎಲೆಗೆ ಪಾಯಸ ಬಡಿಸದೆ ಮುಂದೆ ಹೋದಳು.

ಕಳೆದ ವಾರ ನಮ್ಮ ಕಾಲೇಜಿನಲ್ಲಿ ಇದರ ಮೇಲೆ ನನ್ನದೊಂದು ಭಾಷಣವಿತ್ತು. ತಿಮ್ಮಪ್ಪನನ್ನು ಅತಿಥಿಯಾಗಿ ಕರೆಸಿ ಶಾಲು ಹೊದಿಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದೆವು. ನಾನು ಬಹಳ ಚೆನ್ನಾಗಿ ಮಾತಾಡಿದೆ. ಕೊನೆಯಲ್ಲಿ ಒಬ್ಬಳು ವಿದ್ಯಾರ್ಥಿನಿ ಎದ್ದು, ಆ ಭಾನುವಾರ ಅದು ಮಣ್ಣೊಳಗೆ ಹೋಗುವಾಗ ತಲೆ ಮೊದಲು ಹೋಯಿತೋ ಬಾಲವೋ ಎಂದು ಕೇಳಿದಳು. ನನ್ನ ನೆನಪು ತಕ್ಷಣ ಎದ್ದು ನಿಂತು ಉತ್ತರಿಸಲು ಬಾಯಿ ತೆರೆಯಿತು. ಅಷ್ಟರಲ್ಲಿ ತಿಮ್ಮಪ್ಪ ಶಾಲು ಸರಿಮಾಡಿಕೊಂಡು ಕೂತಲ್ಲಿಂದಲೇ ಹೇಳಿದ, "ತಲೆ ಮೊದ್ಲು ಹೋಯ್ತು ತಂಗಿ. ಮೇಷ್ಟ್ರನ್ನ ಕೇಳ್ಬೇಡ. ಅವ್ರಿಗೆ ನೋಡಾಕೆ ಪುರಸೊತ್ತು ಎಲ್ಲಿತ್ತು, ಬರೀತಿದ್ರಲ್ಲ."

ನೋಡಿದ ದಿನ ಬರೆಯಲಿಲ್ಲ, ಬರೆದ ದಿನ ನೋಡಲಿಲ್ಲ. ಅಂದು ಮನೆಗೆ ಬಂದವನೇ, ಭಾನುವಾರಕ್ಕೆ ಕಾಯದೆ, ಬಟ್ಟೆಯನ್ನೂ ಬದಲಿಸದೆ ಡೈರಿ ತೆಗೆದು ಎಲ್ಲವನ್ನೂ ಬರೆದಿಟ್ಟೆ. ಆಮೇಲೆ ಚಪ್ಪಾಳೆ ಬಹಳ ಹೊತ್ತು ಬಿತ್ತು ಎಂದೂ ಬರೆದಿದ್ದೇನೆ. ಅದು ತಿಮ್ಮಪ್ಪನಿಗೆ ಬಿದ್ದದ್ದೋ ನನಗೋ ಎಂಬುದನ್ನು ಮಾತ್ರ ಬರೆಯಲು ಬಿಟ್ಟುಹೋಗಿದೆ. ನನ್ನ ನೆನಪಿನ ಪ್ರಕಾರ, ನನಗೇ.