ಜೋಲೀನ್ ಕುಚೇರಾಳ ಪೂರ್ವಜ್ಞಾನ

ನೆಬ್ರಾಸ್ಕಾದ ಕೆಟಲ್ ಫೋರ್ಕ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ನಿಜಕ್ಕೂ ಕಲಿಯುತ್ತಿದ್ದಾರೆಯೇ ಎಂಬ ಪ್ರಶ್ನೆ ಕಳೆದ ವರ್ಷ ಶಾಶ್ವತವಾಗಿ ಬಗೆಹರಿಯಿತು. ಅದನ್ನು ಅಳೆಯಲು ಒಂದು ತಂತ್ರಾಂಶ ಬಂತು. ಅದನ್ನು ಆರಿಸಿದ ಸಮಿತಿಗೆ ನಾನೇ ಅಧ್ಯಕ್ಷ. ನಾನು, ಅಂದರೆ ಅರ್ಲಿನ್ ಹೋಫ್, ಇಪ್ಪತ್ತಾರು ವರ್ಷದಿಂದ ಮಣ್ಣಿನ ಶಾಸ್ತ್ರ ಪಾಠ ಮಾಡುತ್ತಿರುವವನು. ಅಧ್ಯಕ್ಷನನ್ನು ಆರಿಸುವ ಸಭೆಗೆ ನಾನೊಬ್ಬನೇ ಹೋಗಿರಲಿಲ್ಲವಾದ್ದರಿಂದ ಆಯ್ಕೆ ಅವಿರೋಧವಾಗಿತ್ತು.

ನಿಯಮ ಸರಳ. ಕೋರ್ಸಿನ ಮೊದಲ ದಿನ ನೂರು ಅಂಕದ ಒಂದು ಪರೀಕ್ಷೆ, ಕೊನೆಯ ದಿನ ಮತ್ತೆ ಅದೇ ಪರೀಕ್ಷೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದೇ ಕಲಿಕೆ. ಇಪ್ಪತ್ತು ಅಂಕಕ್ಕಿಂತ ಕಡಿಮೆ ಉಳಿದರೆ ಪದವಿ ಇಲ್ಲ. ಇಪ್ಪತ್ತು ಎಂದು ಸೂಚಿಸಿದವನೂ ನಾನೇ. ಊಟದ ಹೊತ್ತು ಮೀರಿತ್ತು, ಏನಾದರೂ ಒಂದು ಸಂಖ್ಯೆ ಹೇಳಿ ಏಳಬೇಕಿತ್ತು.

ನನ್ನ ತರಗತಿಯ ಪರೀಕ್ಷೆಯೆಂದರೆ ಮಣ್ಣಿನ ಮಾದರಿಗಳನ್ನು ಮುಟ್ಟಿ ನೋಡಿ ಯಾವ ಮಣ್ಣೆಂದು ಬರೆಯುವುದು. ವಿದ್ಯಾರ್ಥಿ ಟ್ರೆಂಟ್ ಮೊದಲ ದಿನ ಮೂರು, ಕೊನೆಯ ದಿನ ಮೂವತ್ತೊಂದು ಅಂಕ ತೆಗೆದ. ಕಲಿಕೆ ಇಪ್ಪತ್ತೆಂಟು. ಪರದೆ ಹಸಿರಾಗಿ ಅವನನ್ನು ಅಭಿನಂದಿಸಿತು. ಅವನ ಪಕ್ಕದಲ್ಲೇ ಕೂರುತ್ತಿದ್ದ ಜೋಲೀನ್ ಕುಚೇರಾ ಮೊದಲ ದಿನ ತೊಂಬತ್ತಾರು, ಕೊನೆಗೆ ತೊಂಬತ್ತೇಳು ತೆಗೆದಳು. ಪರದೆ ಕೆಂಪಾಯಿತು: "ಈ ವಿದ್ಯಾರ್ಥಿ ಏನನ್ನೂ ಕಲಿತಿರುವುದಿಲ್ಲ. ಪದವಿಯನ್ನು ತಡೆಹಿಡಿಯಲಾಗಿದೆ."

ಅವಳು ನನ್ನ ಕೋಣೆಗೆ ಓಡಿ ಬಂದಳು. "ಸರ್, ಜೂನ್ ಒಂದಕ್ಕೆ ಕೌಂಟಿ ಮಣ್ಣು ಸಂರಕ್ಷಣೆ ಆಫೀಸಲ್ಲಿ ಕೆಲಸಕ್ಕೆ ಸೇರ್ಬೇಕು. ಪದವಿ ಪತ್ರ ಇಲ್ದಿದ್ರೆ ಬೇರೆಯವ್ರಿಗೆ ಕೊಟ್ಬಿಡ್ತಾರಂತೆ."

"ಮೊದಲ್ನೇ ದಿನಾನೇ ತೊಂಬತ್ತಾರು ತೆಗೆಯೋಕೆ ನಿಂಗೆ ಯಾರು ಹೇಳಿದ್ರು ಮಾರಾಯ್ತಿ?"

"ಗೊತ್ತಿತ್ತಲ್ಲ ಸರ್. ಮಣ್ಣನ್ನ ಒದ್ದೆ ಮಾಡಿ, ಬೆರಳಲ್ಲಿ ಪಟ್ಟಿ ಥರ ಹಿಸುಕಿ, ಜೇಡಿ ಎಷ್ಟು ಮರಳೆಷ್ಟು ಅಂತ ಹೇಳೋದನ್ನ ನಮ್ಮಪ್ಪ ಆರು ವರ್ಷಕ್ಕೇ ಕಲಿಸಿದ್ರು."

"ಅಲ್ಲೇ ನೋಡು ಎಡವಟ್ಟಾಗಿದ್ದು," ಎಂದೆ.

ಕಲಿಕಾ ಮೌಲ್ಯಮಾಪನದ ಡೀನ್ ಬೆವರ್ಲಿ ಸ್ಟ್ರೂಬ್ ಬಳಿ ಹೋದೆ. ಅವರು ಏಪ್ರಿಕಾಟ್ ಹಣ್ಣು ತುಂಬಿದ ಕೊಲಾಚಿ ಬನ್ನು ತಿನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ತಂತ್ರಾಂಶ ಸರಿಯಾಗೇ ಇದೆ ಅರ್ಲಿನ್. ಇಪ್ಪತ್ತು ಅಂತ ನೀವೇ ತಾನೇ ಹೇಳಿದ್ದು?"

"ಆದ್ರೆ ಬೆವರ್ಲಿ, ಆ ಹುಡುಗಿಗೆ ಮೇಲೆ ಹತ್ತೋಕೆ ಇರೋದೇ ನಾಲ್ಕು ಅಂಕ!"

"ಹಾಗಾದ್ರೆ ಕೆಳಗಿಂದ ಶುರು ಮಾಡ್ಲಿ. ಮುಂದಿನ ವಾರ ಮಾನ್ಯತಾ ಮಂಡಳಿಯವ್ರು ಬರ್ತಾ ಇದಾರೆ, ಒಂದೂ ಕೆಂಪು ಕಾಣಬಾರ್ದು."

ಸಂಜೆಯೊಳಗೆ ಸುತ್ತೋಲೆ ಹೊರಟಿತು: "ಪೂರ್ವಜ್ಞಾನದಿಂದ ಬಾಧಿತರಾದ ವಿದ್ಯಾರ್ಥಿಗಳು ಮೊದಲ ದಿನದ ಪರೀಕ್ಷೆಯನ್ನು ಮರಳಿ ಬರೆಯಬಹುದು. ಇದಕ್ಕೆ ಅಗತ್ಯವಾದ ಅಜ್ಞಾನವನ್ನು ಸಂಬಂಧಪಟ್ಟ ಪ್ರಾಧ್ಯಾಪಕರೇ ಒದಗಿಸತಕ್ಕದ್ದು."

ಒದಗಿಸಿದೆ. ಮೂರು ದಿನ ಹಿಡಿಯಿತು. ಮೊದಲ ಅಭ್ಯಾಸದಲ್ಲಿ ಎಷ್ಟು ಹೆಣಗಿದರೂ ಅವಳಿಗೆ ಎಪ್ಪತ್ತೊಂದು ಬಂತು.

"ಇದು ಅಪ್ಪಟ ಜೇಡಿ ಸರ್. ಮರಳು ಅಂತ ಹೆಂಗ್ ಬರೀಲಿ?"

"ಕಣ್ಮುಚ್ಕೊಂಡು ಬರಿ."

"ಕಣ್ಮುಚ್ಚಿದ್ರೂ ಬೆರಳಿಗೆ ಗೊತ್ತಾಗುತ್ತಲ್ಲ."

ಕೊನೆಗೆ ಮರುಪರೀಕ್ಷೆಗೆ ಹಿಮ ಬಾಚುವ ದಪ್ಪ ಕೈಗವಸು ತೊಡಿಸಿದೆ. ಸೊನ್ನೆ ಬಂತು. ಅವಳು ಕೈಗವಸು ಕಳಚದೆ ಅತ್ತಳು. ನನಗೋ ಹೆಮ್ಮೆ. ಇಪ್ಪತ್ತಾರು ವರ್ಷಗಳಲ್ಲಿ ನಾನು ಹೇಳಿಕೊಟ್ಟದ್ದನ್ನು ಇಷ್ಟು ಸಂಪೂರ್ಣವಾಗಿ ಕಲಿತವರು ಇನ್ನೊಬ್ಬರಿರಲಿಲ್ಲ.

ಹೀಗೆ ಜೋಲೀನಳ ಕಲಿಕೆ ತೊಂಬತ್ತೇಳಾಯಿತು. ವಿಶ್ವವಿದ್ಯಾಲಯದ ಇತಿಹಾಸದಲ್ಲೇ ಹೆಚ್ಚು. ಮಂಡಳಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನನ್ನು ವರ್ಷದ ಶ್ರೇಷ್ಠ ಶಿಕ್ಷಕನೆಂದು ಘೋಷಿಸಲಾಯಿತು, ನಾನೂ ಬೇಡವೆನ್ನಲಿಲ್ಲ.

ಪದವಿ ಪ್ರದಾನದ ದಿನ ಅಭಿನಂದನಾ ಪತ್ರವನ್ನು ನನ್ನಿಂದಲೇ ಓದಿಸಿದರು. "ಈ ಕುಮಾರಿಯು ಮಣ್ಣಿನ ಕುರಿತು ಏನೊಂದನ್ನೂ ಅರಿಯದೆ ಮನೆಯಿಂದ ಬಂದವಳು. ಇಂದು ಇವಳಿಗೆ ತಿಳಿದಿರುವುದೆಲ್ಲವೂ ಈ ಸಂಸ್ಥೆಯ ಕೊಡುಗೆ." ಮೂರನೆಯ ಸಾಲಿನಲ್ಲಿ ಅವಳಪ್ಪ ಮಿಲೋ ಕುಚೇರಾ ಬಿಗಿಯಾದ ಕೋಟು ತೊಟ್ಟು ಕೂತಿದ್ದರು. ಎಲ್ಲರ ಜೊತೆ ಅವರೂ ಚಪ್ಪಾಳೆ ತಟ್ಟಿದರು. ನನಗೆ ನಾಚಿಕೆಯಾಯಿತು. ಇನ್ನೂ ಎರಡು ಸಾಲು ಉಳಿದಿದ್ದರಿಂದ ಅವನ್ನೂ ಓದಿದೆ.

ಆಮೇಲೆ ಅವರೇ ಹುಡುಕಿಕೊಂಡು ಬಂದು ನನ್ನ ಕೈ ಹಿಡಿದುಕೊಂಡರು. ಜೋಲೀನ್ ನೆಲ ನೋಡುತ್ತಿದ್ದಳು.

"ತುಂಬಾ ಉಪಕಾರ ಆಯ್ತು ಸರ್. ನಾನೂ ಅಷ್ಟೋ ಇಷ್ಟೋ ಹೇಳ್ಕೊಟ್ಟಿದೀನಿ ಅಂತ ಅನ್ಕೊಂಡಿದ್ದೆ ಇಷ್ಟ್ ದಿನ."

ನಿಜ ಹೇಳಲು ಬಾಯಿ ತೆರೆದೆ. ಡೀನ್ ಪಕ್ಕದಲ್ಲೇ ಇದ್ದರು. "ಹೇಳ್ಕೊಟ್ಟಿರ್ಬಹುದು," ಎಂದೆ, "ದಾಖಲೆಯಲ್ಲಿ ಇಲ್ಲ ಅಷ್ಟೇ."

"ಅಪ್ಪಾ, ಹಾಗಲ್ಲ..." ಎಂದಳು ಜೋಲೀನ್.

"ಇರ್ಲಿ ಬಿಡು ಮಗಾ, ಓದಿದೋರಿಗೆ ಗೊತ್ತಿರುತ್ತೆ." ಅವರು ನನ್ನ ಕಡೆ ತಿರುಗಿದರು. "ಚಿಕ್ಕೋಳು ಇನ್ನು ನಾಲ್ಕು ವರ್ಷಕ್ಕೆ ಇಲ್ಲಿಗೇ ಬರ್ತಾಳೆ ಸರ್. ಯೋಚ್ನೆ ಮಾಡ್ಬೇಡಿ, ಅವಳಿಗೆ ಏನೂ ಹೇಳ್ಕೊಡಲ್ಲ."

ಅವರ ಸಹಕಾರಕ್ಕಾಗಿ ವಿಶ್ವವಿದ್ಯಾಲಯದ ಪರವಾಗಿ ಕೃತಜ್ಞತೆ ಸಲ್ಲಿಸಿದೆ.